‘ಅಫ್ರೇಡ್’ ಆದ ಮೇಲೆ ‘ಫಾರ್’

ಕಳೆದ ತಿಂಗಳು ಹಳೆಯ ಸಹಪಾಠಿಯೊಬ್ಬಳ ಜೊತೆ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ಎದುರು ಸೀಟಿನ ಹೆಂಗಸಿನ ಮುಡಿಯಿಂದ ಮಲ್ಲಿಗೆಯ ಪರಿಮಳ ಬಂತು. ನಮ್ಮ ಇಂಗ್ಲಿಷ್ ಟೀಚರ್ ನೆನಪಾದರು. ಎಪ್ಪತ್ತರ ದಶಕದ ಕೊನೆಗೆ ಅವರು ಇನ್ನಂಜೆಯಿಂದ ಕಾಪುವಿನ ನಮ್ಮ ಶಾಲೆಗೆ ಬರುತ್ತಿದ್ದರು. ಮಲ್ಲಿಗೆ ಮುಡಿಯದೆ ಬಂದ ದಿನವೇ ನನಗೆ ನೆನಪಿಲ್ಲ...

ತುಳುವಿನಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ನಾವು. ಕೋಪ, ಹೆಮ್ಮೆ, ಹೆದರಿಕೆಯ ಶಬ್ದಗಳಾದ ಮೇಲೆ ಏನು ಬರಬೇಕೆನ್ನುವುದೇ ದೊಡ್ಡ ತಲೆನೋವು. ‘ಪ್ರೌಡ್’ ಆದ ಮೇಲೆ ‘ಆಫ್’, ಮನುಷ್ಯರ ಮೇಲೆ ‘ಆಂಗ್ರಿ’ ಆದರೆ ‘ವಿತ್’ ಎಂದು ಟೀಚರ್ ಬಾಯಿಪಾಠ ಮಾಡಿಸುತ್ತಿದ್ದರು.

ಒಂದು ದಿನ ‘ಅಫ್ರೇಡ್’ ಶಬ್ದದಿಂದ ವಾಕ್ಯ ಮಾಡಲು ಹೇಳಿದರು. ನಾನು ಎದ್ದು ‘ಐ ಆಮ್ ಅಫ್ರೇಡ್ ಫಾರ್ ಮೈ ಫಾದರ್’ ಎಂದೆ. ‘ಆಫ್’ ಅಲ್ವಾ ಎಂದು ಹಿಂದಿನ ಬೆಂಚಿನಿಂದ ಯಾರೋ ತಿದ್ದಿದರು. ಕ್ಲಾಸೆಲ್ಲ ನಕ್ಕಿತು. ಟೀಚರ್ ಮಾತ್ರ ನನ್ನ ಮುಖ ನೋಡಿ ಹತ್ತಿರ ಬಂದರು.

“ಎಂತ ಆಯ್ತು?”

“ಅಪ್ಪ ನಿನ್ನೆ ಕಡಲಿಗೆ ಹೋದವರು ಬರ್ಲಿಲ್ಲ ಟೀಚರ್.”

ಗಾಳಿ ಎದ್ದಾಗ ನಮ್ಮೂರು ಎರ್ಮಾಳಿನ ಉಳಿದ ದೋಣಿಗಳೆಲ್ಲ ದಡ ಸೇರಿದ್ದವು. ತಾನು ಅಳುವುದನ್ನು ನಾನು ನೋಡಬಾರದೆಂದು ಅಮ್ಮ ನನ್ನನ್ನು ಶಾಲೆಗೆ ಕಳುಹಿಸಿದ್ದರು.

“ಅವಳು ಹೇಳಿದ್ದು ಸರಿ ಉಂಟು,” ಎಂದರು ಟೀಚರ್, ಕ್ಲಾಸಿನ ಕಡೆ ತಿರುಗಿ. “ಅಪ್ಪ ಬೈದಾರು ಅಂತ ಹೆದರಿದರೆ ‘ಆಫ್’. ಅಪ್ಪನಿಗೆ ಏನಾದರೂ ಆದೀತು ಅಂತ ಹೆದರಿದರೆ ‘ಫಾರ್’.”

ನಾನು ನಿಯಮ ತಿಳಿದು ಹೇಳಿದ್ದಲ್ಲ. ಬೆಳಗ್ಗಿನಿಂದ ಅಪ್ಪನಿಗೋಸ್ಕರ ದೇವರನ್ನು ಬೇಡುತ್ತಿದ್ದೆ, ಅದೇ ‘ಫಾರ್’ ಆಗಿ ಬಾಯಿಗೆ ಬಂದಿತ್ತು.

ಟೀಚರ್ ರಜೆ ಹಾಕಿ ನನ್ನ ಜೊತೆ ಎರ್ಮಾಳಿಗೆ ಬಂದರು. ಮರಳಿನ ಮೇಲೆ ಅಮ್ಮನ ಪಕ್ಕ ಕುಳಿತರು. ಮಧ್ಯಾಹ್ನ ನಮ್ಮ ಅಡುಗೆಮನೆಗೆ ತಾವೇ ಹೋಗಿ ಗಂಜಿ ಬಡಿಸಿ ತಂದು, ಅಮ್ಮ ಉಣ್ಣಲೆಂದು ತಾವೂ ಉಂಡರು. ಸಂಜೆಯ ಹೊತ್ತಿಗೆ ಮಲ್ಪೆಯಿಂದ ಒಬ್ಬರು ಸುದ್ದಿ ತಂದರು. ಗಾಳಿ ದೋಣಿಯನ್ನು ಅಲ್ಲಿಗೆ ತಳ್ಳಿತ್ತು, ಎಲ್ಲರೂ ಕ್ಷೇಮ. ಅಲ್ಲಿಯವರೆಗೆ ನಮ್ಮೆದುರು ಅಳು ಬಿಗಿಹಿಡಿದಿದ್ದ ಅಮ್ಮ ಟೀಚರ ಹೆಗಲಿಗೆ ತಲೆಯಿಟ್ಟು ಅತ್ತರು.

ಮುಂದೆ ಅವರಿಗೆ ಕಾರ್ಕಳಕ್ಕೆ ವರ್ಗವಾಯಿತು. ನೋಡಲು ಹೋಗಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ... ಬಸ್ಸಿನಲ್ಲಿ ಪಕ್ಕದ ಗೆಳತಿಗೆ, ಇವತ್ತಾದರೂ ಹೋಗಿ ಬರೋಣ ಎಂದೆ.

ಅವಳು ನನ್ನ ಕಡೆ ತಿರುಗಿದಳು. “ಅವರು ತೀರಿಹೋಗಿ ವರ್ಷ ಆಯ್ತಲ್ಲ ಮಾರಾಯ್ತಿ. ನಿನಗೆ ಗೊತ್ತಿಲ್ವಾ?”

ಕಾರ್ಕಳದಲ್ಲಿ ಇಳಿದ ಮೇಲೆ ಅವರ ಮನೆ ಯಾವ ಕಡೆಗಿತ್ತೆಂದು ಕೇಳಿದೆ. ಗೆಳತಿ ಕೈ ತೋರಿಸಿದಳು. ಆ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತೆ.