ನಿಂಗವ್ವಜ್ಜಿಯ ರಾಮೇಶ್ವರದ ಮರಳು

ಕಳೆದ ಬೇಸಿಗೆಯಲ್ಲಿ, ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಎರಡು ತಿಂಗಳು ನಾನು ಭೂವಿಜ್ಞಾನಿಯಾಗಿದ್ದೆ. ಹುದ್ದೆಯ ಪೂರ್ತಿ ಹೆಸರು: ಶೈಲಾ ಮೇಡಂ ಅವರ ಮರಳಿನ ಚೀಲ ಹೊರುವವನು. ಪೂರ್ವ ಕರಾವಳಿಯ ಮರಳು ಯಾವ ಯಾವ ಹೊಳೆಗಳಿಂದ ಹೋಗಿದ್ದು ಎಂದು ಭೂವಿಜ್ಞಾನದ ಸಂಶೋಧಕಿಯಾದ ಮೇಡಂ ಹುಡುಕುತ್ತಿದ್ದರು. ಅದಕ್ಕಾಗಿ ಹಾನಗಲ್ ಕಡೆಯಿಂದ ಸವಣೂರಿನವರೆಗೆ ವರದಾ ಹೊಳೆಯ ಮರಳು ಬೇಕಿತ್ತು. ಮರಳನ್ನು ತಟ್ಟೆಗೆ ಹಾಕಿ ನೀರಿನಲ್ಲಿ ಅಲುಗಿಸಿದರೆ ಹಗುರ ಕಣ ಹರಿದುಹೋಗುತ್ತದೆ, ತೂಕದ ಕಪ್ಪು, ಕೆಂಪು ಕಣ ತಳದಲ್ಲಿ ಉಳಿಯುತ್ತದೆ. ಅದೇ ಹೆವಿ ಮಿನರಲ್. ಈ ಕಣಗಳ ಬೆರಕೆ ಒಂದೊಂದು ಹೊಳೆಗೆ ಒಂದೊಂದು ಥರ. ಮರಳಿನ ಆಧಾರ್ ಕಾರ್ಡ್ ಅನ್ನಿ.

ವಾರದೊಳಗೆ ನಾನು, ಕಣ ನೋಡಲು ಮೇಡಂ ಕೊಟ್ಟ ಲೆನ್ಸನ್ನು ಕೊರಳಿಗೆ ಕಟ್ಟಿಕೊಂಡೇ ಊಟಕ್ಕೆ ಕೂರತೊಡಗಿದೆ. ಅನ್ನದಲ್ಲಿ ಹರಳು ಸಿಕ್ಕರೆ ಅದರ ವಯಸ್ಸನ್ನು ಕೋಟಿ ಲೆಕ್ಕದಲ್ಲಿ ಹೇಳುತ್ತಿದ್ದೆ. "ಮೊದ್ಲ ಉಣ್ಣು," ಅನ್ನುತ್ತಿದ್ದಳು ಅವ್ವ.

ಆಗಲೇ ಪಕ್ಕದ ಮನೆಯ ನಿಂಗವ್ವಜ್ಜಿ ರಾಮೇಶ್ವರಕ್ಕೆ ಹೋಗಿ ಬಂದಳು. ಹೋಗುವಾಗ ಓಣಿಯ ಹೆಂಗಸರೆಲ್ಲ ದೇವರಿಗೆ ಒಪ್ಪಿಸಲೆಂದು ಅವಳ ಕೈಗೆ ಮುಡಿಪು ಕಟ್ಟಿ ಕೊಟ್ಟಿದ್ದರು. ಬಂದ ಅಜ್ಜಿ ಸಮುದ್ರದ ಮರಳನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದಳು. ಎದುರುಮನೆಯ ಗೌರಕ್ಕ ಅದನ್ನು ಕೂಸಿನ ತೊಟ್ಟಿಲಿಗೆ ಕಟ್ಟಿದಳು.

ಸಂಜೆ ಎಲ್ಲರೂ ಅಜ್ಜಿಯ ಕಟ್ಟೆಯ ಮೇಲೆ ಕೂತಿದ್ದಾಗ ನಾನು ಲೆನ್ಸ್ ಒರೆಸಿದೆ.

"ಅಜ್ಜಿ, ಒಂದ್ ಚಿಟಿಕಿ ಕೊಡು. ರಾಮೇಶ್ವರದಾಗ ಯಾವ ಮೂಲಿದು ಅಂತ ಹೇಳ್ತೇನಿ."

"ಬ್ಯಾಡೋ, ದೇವರ ಮರಳದು."

ಅವಳ ದನಿ ಬದಲಾದದ್ದು ನನಗೆ ಕೇಳಿಸಿತು. ಆದರೆ ಅಷ್ಟೊಂದು ಮಂದಿ ಕೂತಿದ್ದರಲ್ಲ, ಕೈ ಮುಂದೆ ಹೋಗಿಬಿಟ್ಟಿತ್ತು. ಸಮುದ್ರದ ಮರಳಿನಲ್ಲಿ ಇರಬೇಕಾದ ಚಿಪ್ಪಿನ ಚೂರು ಒಂದೂ ಇಲ್ಲ. ಅಲೆಗೆ ಸಿಕ್ಕಿ ಸವೆಯಬೇಕಿದ್ದ ಕೆಂಪು ಗಾರ್ನೆಟ್ ಹರಳುಗಳ ಅಂಚು ಇನ್ನೂ ಸವೆದಿಲ್ಲ. ಚೀಲದಲ್ಲಿದ್ದ ವರದಾ ಮರಳನ್ನು ಪಕ್ಕಕ್ಕಿಟ್ಟೆ. ಅವಳಿಜವಳಿ.

"ಇದು ಸಮುದ್ರಾನ ಕಂಡಿಲ್ಲ. ನಮ್ಮ ಹೊಳಿದು," ಅಂದೆ. ಚಪ್ಪಾಳೆ ಬೀಳಬಹುದೆಂದು ಸ್ವಲ್ಪ ಕಾದೆ ಕೂಡ.

ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತ ಹೇಳಿದಳು: "ಯಲವಿಗಿ ಸ್ಟೇಶನ್ ತನಕ ಹೋಗಿದ್ನಿ. ಮಂದಿ ನೂಕಾಡಿ ಹತ್ತಿದ್ರು, ನನಗ ಮೆಟ್ಲ ಎಟಕಲಿಲ್ಲ. ಗಾಡಿ ಹೋತು. ಹೊಳ್ಳಿ ಬಂದು ನಿಮಗ ಏನಂತ ಹೇಳ್ಲಿ? ಸವಣೂರಾಗ ತಂಗಿ ಮನ್ಯಾಗ ಕುಂತ್ನಿ. ಮುಡಿಪೆಲ್ಲ ವರದಾದಾಗ ಬಿಟ್ಟೇನಿ."

ಹೆಂಗಸರು ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಬೆಳಿಗ್ಗೆ ನೋಡಿದರೆ ಪೊಟ್ಟಣಗಳೆಲ್ಲ ಅಜ್ಜಿಯ ಕಟ್ಟೆಯ ಮೇಲೆ ವಾಪಸು ಬಂದಿದ್ದವು. ಗೌರಕ್ಕನದಕ್ಕೆ ತೊಟ್ಟಿಲಿನ ದಾರ ಹಾಗೇ ಇತ್ತು.

ವಿಷಯ ತಿಳಿದ ಮೇಡಂ ಕೇಳಿದ್ದು ಒಂದೇ ಮಾತು: "ನಿನ್ನ ಯಾರ್ ಕೇಳಿದ್ರೋ?" 

ಪೊಟ್ಟಣಗಳನ್ನು ಚೀಲಕ್ಕೆ ತುಂಬಿ, ಅಜ್ಜಿಯನ್ನು ಕಾಡಿಬೇಡಿ ಹೊಳೆಗೆ ಕರೆದೊಯ್ದೆ. ವರದಾ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಸಮುದ್ರಕ್ಕೆ ಎಂದು ದಾರಿ ಹೇಳಿದೆ. ಅಜ್ಜಿ ಒಂದೊಂದೇ ಪೊಟ್ಟಣ ಬಿಚ್ಚಿ ನೀರಿಗೆ ಸುರಿದಳು.

"ಯಾವಾಗ ಮುಟ್ತದ?"

ನಡುವೆ ಡ್ಯಾಮುಗಳಿವೆ. ಸಾವಿರಾರು ವರ್ಷ ಹಿಡಿಯಬಹುದು, ಮುಟ್ಟದೆಯೂ ಇರಬಹುದು. ಎಲ್ಲವನ್ನೂ ಹಿಗ್ಗಿಸಿ ಹೇಳುವ ನಾನು ಅವತ್ತು ಕುಗ್ಗಿಸಿದೆ. "ಈ ಮಳಿಗಾಲಕ್ಕ, ಅಜ್ಜಿ."

ಅಜ್ಜಿ ನನ್ನ ಮುಖ ನೋಡಿದಳು. "ಅವತ್ತೂ ಹಿಂಗ ಒಂದ್ ಸುಳ್ಳ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತೋ?"

ಈಗಲೂ ಮರಳು ಕಂಡರೆ ಕೈ ಲೆನ್ಸಿಗೆ ಹೋಗುತ್ತದೆ. ಆದರೆ ಮೊದಲು ಅದನ್ನು ಹಿಡಿದವರ ಮುಖ ನೋಡುತ್ತೇನೆ.