ಡಬ್ಬಿಯೊಳಗಿನ ಜೋಳದ ಹೊಲ

ಹೋದ ವಾರದಿಂದ ನಮ್ಮ ಮನೆಯ ಇರುವೆಗಳು ಅಡುಗೆಮನೆಯನ್ನು ಬಿಟ್ಟು ಅಟ್ಟದ ಕಡೆ ಸಾಲು ಕಟ್ಟಿದ್ದವು. ಬೆಲ್ಲದ ಡಬ್ಬಿ ಕೆಳಗಿರುವಾಗ ಇವಕ್ಕೆ ಮೇಲೇನು ಕೆಲಸ ಎಂದು ನನ್ನ ಹೆಂಡತಿಗೆ ಅನುಮಾನ. ನಾನೇ ಏನೋ ಸಿಹಿಯನ್ನು ಅಲ್ಲಿ ಬಚ್ಚಿಟ್ಟು ತಿನ್ನುತ್ತಿರಬೇಕು ಎಂಬುದು ಆ ಅನುಮಾನದ ಎರಡನೆಯ ಭಾಗ. ಸಕ್ಕರೆ ಕಾಯಿಲೆಯ ಗಂಡನ ಮೇಲೆ ಹೆಂಡತಿಗೆ ಎಷ್ಟು ನಂಬಿಕೆ ಇರುತ್ತದೆಂದು ಅನುಭವಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ಟೂಲು ಹತ್ತಿ ನೋಡಿದೆ. ಹಳೆಯ ಕೌದಿಯ ಹಿಂದೆ, ಟಿವಿಗೆ ಜೋಡಿಸಿ ಆಡುವ ನನ್ನ ಗೇಮ್ ಡಬ್ಬಿ ಸತ್ತು ಬಿದ್ದಿತ್ತು. ಇರುವೆಗಳು ಅದರ ಮುಂದಿನಿಂದ ಒಳಹೊಕ್ಕು ಹಿಂದಿನಿಂದ ಹೊರಬರುತ್ತಿದ್ದವು. ಕೆಳಗಿಳಿಸಿ ಮೂಗಿನ ಹತ್ತಿರ ಹಿಡಿದೆ. ಸುಟ್ಟ ತಂತಿಯ ವಾಸನೆ, ಅದರ ಹಿಂದೆಯೇ ಸಣ್ಣಗೆ ಏಲಕ್ಕಿ.

ಏಲಕ್ಕಿಯ ವಾಸನೆ ಬರುವ ಗೇಮ್ ಡಬ್ಬಿ ನಿಮ್ಮಲ್ಲಿ ಯಾರ ಮನೆಯಲ್ಲೂ ಇರಲಾರದು. ಹಾಗಾಗಿ ಹೇಳಲೇಬೇಕಾಗಿದೆ.

ಡಬ್ಬಿಯನ್ನು ಕೊಂಡವನು ನಾನೊಬ್ಬ, ಕೆಡಿಸಿದವರು ಇಬ್ಬರು. ಇನ್ನೊಬ್ಬ ದಸ್ತಗೀರ. ಕಾಲೇಜಿನಿಂದಲೂ ನನ್ನ ದೋಸ್ತ, ತಿಕೋಟಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನ ಡ್ರಾದಲ್ಲಿ ಒಣದ್ರಾಕ್ಷಿಯೂ ಸ್ಕ್ರೂಗಳೂ ಒಂದೇ ಖಾನೆಯಲ್ಲಿರುತ್ತವೆ. ನೋಡದೆ ಬಾಯಿಗೆ ಹಾಕಿಕೊಂಡರೆ ಹಲ್ಲು ಹೋಗುತ್ತದೆ. ನನ್ನ ಡಬ್ಬಿ ಕಂಪನಿಯವರು ಮಾರಿದ ಆಟಗಳನ್ನು ಮಾತ್ರ ಆಡಿಸುತ್ತದೆ ಎಂದು ತಿಳಿದಾಗ, ಅವನಿಗೆ ತನ್ನ ಮನೆತನಕ್ಕೇ ಅವಮಾನವಾದಂತಾಯಿತು.

“ರೊಕ್ಕ ಕೊಟ್ಟ ತಂದೀದಿಲ್ಲೋ? ನಿನ್ನ ಡಬ್ಬ್ಯಾಗ ಏನ ಹಾಕಬೇಕು ಅನ್ನೋದನ್ನ ಅವರನ್ಯಾಕ ಕೇಳ್ತೀ? ಮಾಲಕ ನೀನೋ, ಅವರೋ?”

ಈ ಮಾತು ನಮ್ಮ ಪಡಸಾಲೆಯಲ್ಲಿ ನಡೆದಾಗ ಮೂಲೆಯ ಮಂಚದ ಮೇಲೆ ಮಲಗಿದ್ದ ನಿಂಗವ್ವತ್ತೆ ಕತ್ತೆತ್ತಿ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಕೆ ನನ್ನ ಅಪ್ಪನ ತಂಗಿ. ಬಬಲೇಶ್ವರದಲ್ಲಿ ಮನೆ, ಊರ ಹೊರಗೆ ಹೊಲ. ಮೆಟ್ಟಿಲು ತಪ್ಪಿ ಬಿದ್ದು ಕಾಲು ಮುರಿದುಕೊಂಡಿದ್ದಳು. ದವಾಖಾನೆ ಹತ್ತಿರ ಎಂದು ವಿಜಯಪುರದ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಹುಟ್ಟಿದಾಗಿನಿಂದ ಸುಮ್ಮನೆ ಕೂತವಳಲ್ಲ. ಈಗ ಕಾಲು ನಿಂತಿತ್ತು, ಬಾಯಿ ಎರಡಾಳಿನ ಕೆಲಸ ಮಾಡುತ್ತಿತ್ತು. ನನ್ನ ಹೆಂಡತಿ ಬಡಿಯುವ ರೊಟ್ಟಿ ದಪ್ಪ, ನಾನು ಹಾಕುವ ಅಂಗಿ ತೆಳು, ಎದುರುಮನೆಯವರು ತುಳಸಿಗೆ ನೀರು ಹಾಕುವುದು ಹೆಚ್ಚು. “ಅತ್ತಿಯವರಿಗೆ ಏನರ ಕೆಲಸ ಹುಡುಕ್ರಿ, ಇಲ್ಲಾಂದ್ರ ನನಗ ತವರುಮನಿಗೆ ಬಸ್ ಹುಡುಕ್ರಿ” ಎಂದು ಹೆಂಡತಿ ಗಡುವು ಕೊಟ್ಟಳು.

ದಸ್ತಗೀರನಿಗೆ ಹೊಳೆಯಿತು. ಒಕ್ಕಲುತನದ ಆಟವೊಂದಿದೆ, ಟ್ರ್ಯಾಕ್ಟರ್ ಹೊಡೆಯುವುದು, ಬಿತ್ತುವುದು, ರಾಶಿ ಮಾಡುವುದು. ಡಬ್ಬಿಗೆ ಕಂಪನಿಯವರು ಹಾಕಿದ ಕೀಲಿ ಮುರಿದರೆ ಆ ಆಟವನ್ನು ನಮಗೆ ಬೇಕಾದಂತೆ ತಿದ್ದಲೂಬಹುದು. ಅಪಾಯಗಳನ್ನು ಅವನು ಮುಚ್ಚಿಡಲಿಲ್ಲ, ಆಪರೇಷನ್ನಿಗೆ ಮುಂಚೆ ಡಾಕ್ಟರು ಹೇಳುವಂತೆ ಗಂಭೀರವಾಗಿ ಹೇಳಿದ. ಕಂಪನಿಯವರು ಇನ್ನು ಮುಟ್ಟಿ ನೋಡುವುದಿಲ್ಲ. ಇಂಟರ್‌ನೆಟ್ಟಿಗೆ ಜೋಡಿಸಿದರೆ ಗುರುತು ಹಿಡಿದು ಹೊರಗೆ ಹಾಕುತ್ತಾರೆ. ನಡುವೆ ಕರೆಂಟು ಹೋದರೆ ಡಬ್ಬಿ ಕಣ್ಣು ಮುಚ್ಚುತ್ತದೆ; ಈ ಕಸುಬಿನವರು ಹಾಗೆ ಸತ್ತದ್ದನ್ನು ಇಟ್ಟಿಗೆ ಎನ್ನುತ್ತಾರಂತೆ. ಕರೆಂಟಿನ ವಿಷಯ ಬಂದಾಗ ನಾವಿಬ್ಬರೂ ಒಮ್ಮೆ ಫ್ಯಾನಿನ ಕಡೆ ನೋಡಿದೆವು. ಅದು ತಿರುಗುತ್ತಿತ್ತು. ಶುರು ಮಾಡಿಯೇ ಬಿಟ್ಟೆವು.

ಮೂರ್ಖತನಕ್ಕೂ ಒಂದು ಸುಖವಿದೆ ಎಂದು ನನಗೆ ಗೊತ್ತಾದದ್ದು ಅವತ್ತು. “ತೆರೆಯಬಾರದು” ಎಂದು ಬರೆದ ಚೀಟಿಯನ್ನು ಉಗುರಿನಿಂದ ಕಿತ್ತಾಗ ಆದ ಆನಂದ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ. ಆಪರೇಷನ್ ಗೆದ್ದಿತು. ಆದರೆ ಒಳಗೆ ಹೊಸದಾಗಿ ಕೂರಿಸಿದ ತಂತಿಗಳ ಮೇಲೆ ಮುಚ್ಚಳ ಕೂರಲೊಲ್ಲದು. “ಇರಲಿ ಬಿಡು, ಗಾಳಿ ಆಡತೈತಿ” ಎಂದ ದಸ್ತಗೀರ. ಮುಚ್ಚಳವನ್ನು ಅಟ್ಟಕ್ಕೆ ಎಸೆದೆ. ಡಬ್ಬಿ ಟಿವಿಯ ಕೆಳಗೆ ಬಾಯಿ ತೆರೆದುಕೊಂಡು ಕೂತಿತು.

ಅತ್ತೆ ಮೊದಮೊದಲು ರಿಮೋಟನ್ನು ಕೆಂಡ ಹಿಡಿದಂತೆ ಹಿಡಿದಳು. ವಾರ ಕಳೆಯುವುದರೊಳಗೆ ಬದುವಿಗೆ ತಾಗದಂತೆ ಟ್ರ್ಯಾಕ್ಟರ್ ತಿರುಗಿಸುತ್ತಿದ್ದಳು. ಪರದೇಶದ ಹೊಲ, ಗೋಧಿ ಬೆಳೆ. ಆಕೆ ದಸ್ತಗೀರನನ್ನು ಕರೆಸಿದಳು.

“ಜೋಳ ಹಾಕಿ ಕೊಡೋ ತಮ್ಮಾ.”

“ಅದರಾಗ ಜೋಳ ಇಲ್ಲ ಬೇ ಅತ್ತಿ.”

“ಕೀಲಿ ಮುರದೇನಿ ಅಂತಿದ್ದಿ. ಮುರದ ಏನ ಉಪಯೋಗ ಮತ್ತ?”

ಮಾತು ನಾಟಿತು. ದಸ್ತಗೀರ ಕೂತು ಗೋಧಿಯ ಹೆಸರು ಅಳಿಸಿ ಜೋಳವೆಂದು ಬರೆದ, ಬಿಳಿಜೋಳದ ತೆನೆಯ ಚಿತ್ರ ಅಂಟಿಸಿದ. ಬೆಳೆ ಮೊಣಕಾಲೆತ್ತರವೂ ಇಲ್ಲವೆಂದು ಅತ್ತೆಯ ತಕರಾರು. ಎತ್ತರ ಹೆಚ್ಚಿಸಿದ. ಅಂಕಿ ಎಲ್ಲಿ ತಪ್ಪಿತೋ, ಮರುದಿನ ಜೋಳ ಟ್ರ್ಯಾಕ್ಟರನ್ನು ನುಂಗಿ ಆಟದೊಳಗಿನ ಮನೆಯ ಮಾಳಿಗೆಯನ್ನೂ ದಾಟಿತ್ತು. “ತೆನಿ ಮುರಿಯಾಕ ಏಣಿ ಯಾರ ತರೋರು, ನಿಮ್ಮಪ್ಪ?” ಎಂದಳು. ಕೊನೆಗೆ ಆಳೆತ್ತರಕ್ಕೆ ತಂದು ನಿಲ್ಲಿಸಿದ ದಿನ ಅತ್ತೆ ಟ್ರ್ಯಾಕ್ಟರನ್ನು ಬದುವಿನಲ್ಲಿ ನಿಲ್ಲಿಸಿ ತೆನೆಗಳನ್ನು ಸಾಲು ಸಾಲಾಗಿ ಎಣಿಸಿದಳು.

ಸೋಮವಾರ ಮಾತ್ರ ಡಬ್ಬಿಗೆ ರಜೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಇದು ಟ್ರ್ಯಾಕ್ಟರ್, ಅದೂ ಟಿವಿಯೊಳಗಿನದು ಎಂದು ವಾದಿಸಿದೆ. “ಭೂಮಿತಾಯಿಗೆ ಬ್ಯಾಸರ ಆಗೂದಿಲ್ಲೇನ?” ಎಂದು ನನ್ನ ಬಾಯಿ ಮುಚ್ಚಿಸಿದಳು.

ಒಂದು ಸಂಜೆ ಕೇಳಿದೆ, ಅಷ್ಟು ಆಸೆ ಇದ್ದರೆ ನಿಮ್ಮ ಹೊಲದಲ್ಲೇ ಯಾಕೆ ಜೋಳ ಬಿತ್ತುವುದಿಲ್ಲ ಎಂದು. ಆಕೆ ರಿಮೋಟನ್ನು ಕೆಳಗಿಟ್ಟಳು.

“ಕಾಲುವಿ ನೀರ ಬಂದಾಗಿಂದ ನಿಮ್ಮ ಮಾಮಾಗ ಕಬ್ಬಿನ ಹುಚ್ಚು. ರೊಟ್ಟಿ ಬಡಿಯಾಕ ಸಂತ್ಯಾಗ ಜೋಳ ಕೊಂಡ ತರ್ತೇವಿ, ಹೊಲ ಇದ್ದವರು! ಮದಿವ್ಯಾಗಿ ಬಂದಾಗಿಂದ ಆ ಹೊಲದಾಗ ಕಳೆ ತಗದೇನಿ. ಏನ ಬಿತ್ತೂಣು ಅಂತ ಒಬ್ಬರರ ನನ್ನ ಕೇಳ್ಯಾರೇನ? ಇಲ್ಲೆ ನೋಡು, ನಾ ಜೋಳ ಅಂದ್ರ ಜೋಳ.”

ಆಟದ ಡಬ್ಬಿ ಎಂದು ತಿಳಿದಿದ್ದೆ. ಆಕೆಗೆ ಅದು ತನ್ನ ಮಾತು ನಡೆಯುವ ಒಂದೇ ಒಂದು ಹೊಲವಾಗಿತ್ತು. ಅಂದಿನಿಂದ ಕರೆಂಟು ಹೋದರೆ ನನ್ನ ಎದೆಯೇ ಮೊದಲು ನಿಲ್ಲುತ್ತಿತ್ತು.

ಎಳ್ಳ ಅಮವಾಸ್ಯೆ ಬಂತು. ನಿಮಗೆ ಗೊತ್ತಿರುತ್ತದೆ, ಅವತ್ತು ನಮ್ಮ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯಲ್ಲಿ ಮೊದಲ ತುತ್ತನ್ನು ಭೂಮಿತಾಯಿಗೆ ಚೆಲ್ಲಿ ಆಮೇಲೆ ಉಣ್ಣುತ್ತದೆ. ಅದೇ ಚರಗ; ಚೆಲ್ಲುವಾಗ “ಹುಲ್ಲುಲ್ಲಿಗೋ” ಎಂದು ಕೂಗುತ್ತಾರೆ. ಹೆಂಡತಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಕಟ್ಟಿಕೊಂಡು ಮಂದಿಯ ಜೊತೆ ಬಬಲೇಶ್ವರಕ್ಕೆ ಹೋದಳು. ಕಾಲು ಇನ್ನೂ ಕೂಡದ ಅತ್ತೆಯ ಕಾವಲಿಗೆ ನಾನು ಉಳಿದೆ. ಆಕೆ ಅಳುತ್ತಾಳೇನೋ ಎಂದುಕೊಂಡಿದ್ದೆ. ಅಳಲಿಲ್ಲ, ಹೆಂಡತಿ ನಮಗಿಟ್ಟು ಹೋದದ್ದರಲ್ಲಿ ಎಲ್ಲವನ್ನೂ ತಾಟಿನಲ್ಲಿ ಚೂರು ಚೂರು ಬಡಿಸಿಕೊಂಡಳು. ಟಿವಿಯಲ್ಲಿ ಜೋಳ ತೆನೆ ತುಂಬಿ ನಿಂತಿತ್ತು. ನಾನು ಮೊಸರು ತರಲು ಒಳಗೆ ಹೋದೆ.

“ಹುಲ್ಲುಲ್ಲಿಗೋ!”

ಓಡಿ ಬಂದೆ. ಅತ್ತೆ ಕೋಲೂರಿ ಟಿವಿಯ ಮುಂದೆ ನಿಂತಿದ್ದಳು. ಮೊದಲ ತುತ್ತು ಟಿವಿಯ ಗಾಜಿಗೆ ಬಡಿದು ಜಾರುತ್ತಿತ್ತು. ಗಾಜಿನ ಮೇಲೆ ಚೆಲ್ಲಿದ್ದು ಮಣ್ಣು ಮುಟ್ಟುವುದಿಲ್ಲವೆಂದು ಆಕೆಗೆ ಅನ್ನಿಸಿತೋ ಏನೋ. ಹೊಲವಿರುವುದು ಡಬ್ಬಿಯಲ್ಲೆಂದು ನಾವೇ ಹೇಳಿಕೊಟ್ಟಿದ್ದೆವಲ್ಲ! ಎರಡನೆಯ ತುತ್ತು, ಹೋಳಿಗೆ ಅಂಬಲಿ ಸಮೇತ, ತೆರೆದ ಬಾಯಿಯೊಳಗೆ ನೇರವಾಗಿ ಬಿತ್ತು. ಫಟ್ ಎಂದಿತು. ಬೆಲ್ಲ, ಏಲಕ್ಕಿ ಸುಟ್ಟ ಹೊಗೆ ಎದ್ದಿತು. ಟಿವಿ ಕಪ್ಪಾಯಿತು.

“ನನ್ನ ಜೋಳ?” ಎಂದಳು ಅತ್ತೆ, ಖಾಲಿ ತಾಟು ಹಿಡಿದುಕೊಂಡು. ನಾನು ಪ್ಲಗ್ಗು ಕಿತ್ತು ದಸ್ತಗೀರನಿಗೆ ಫೋನ್ ಹಚ್ಚಿದೆ.

ದಸ್ತಗೀರ ಬಂದು ನೋಡಿದ. ಪುಂಡಿ ಪಲ್ಯ ತೆಗೆದು ಹಾಕಿದ, ಊದಿದ, ಒರೆಸಿದ, ಕೊನೆಗೆ ಕೈಚೆಲ್ಲಿದ. “ಅಪಾಯ ಎಲ್ಲಾ ಹೇಳಿದ್ನಿ. ಅಂಬಲಿ ಒಂದ ತಲ್ಯಾಗ ಬಂದಿರಲಿಲ್ಲ ನೋಡು.” ಡಬ್ಬಿ ಇಟ್ಟಿಗೆಯಾಗಿ ಅಟ್ಟ ಸೇರಿತು.

ಕಾಲು ಕೂಡಿದ ಮೇಲೆ ಅತ್ತೆಯನ್ನು ಕರೆದೊಯ್ಯಲು ಆಕೆಯ ಗಂಡ ಮಲ್ಲಪ್ಪ ಮಾಮಾ ಗಾಡಿ ತಂದರು. ಆಕೆ ಮಂಚ ಬಿಟ್ಟು ಏಳಲಿಲ್ಲ.

“ಬಾವಿ ಕಡೆ ಎರಡ ಎಕರೆ ನನಗ ಬಿಡ್ರಿ. ಜೋಳ ಬಿತ್ತಾಕ.”

“ಸುತ್ತೆಲ್ಲ ಕಬ್ಬು, ನಡುವ ನಿನ್ನ ಜೋಳ! ಹಕ್ಕಿಗೆ ಊಟ ಹಾಕಾಕೇನು?” ಎಂದು ಮಾಮಾ ನಕ್ಕರು.

“ಅದರಾಗ ದುಡದಾಕಿ ನಾನು. ನಾನೂ ಮಾಲಕಿ ಹೌದೋ ಅಲ್ಲೋ, ದಸ್ತಗೀರನ್ನ ಕೇಳ್ರಿ. ಒಲ್ಲೆ ಅಂದ್ರ ನಾ ಇಲ್ಲೇ ಇರ್ತೇನಿ.”

ಮಾಮಾಗೆ ದಸ್ತಗೀರ ಯಾವ ಕಚೇರಿಯವನೆಂದು ತಿಳಿಯಲಿಲ್ಲ. ನನ್ನ ಹೆಂಡತಿಗೆ ಮಾತ್ರ ಕೊನೆಯ ವಾಕ್ಯ ಚೆನ್ನಾಗಿ ತಿಳಿಯಿತು. “ಕೊಟ್ಟಬಿಡ್ರಿ ಮಾಮಾ, ಪಾಪ, ದೊಡ್ಡವರು ಕೇಳಾಕತ್ತಾರ” ಎಂದು ಆಕೆ ಬೇಡಿಕೊಂಡ ರೀತಿಗೆ ಕಲ್ಲೂ ಕರಗುತ್ತಿತ್ತು. ಮಾಮಾ ಕರಗಿದರು.

ಆಮೇಲೆ ಪ್ರತಿವರ್ಷವೂ ನಮ್ಮ ಮನೆಗೆ ಬಬಲೇಶ್ವರದಿಂದ ಜೋಳದ ಚೀಲ ಬರುತ್ತದೆ. ರೊಟ್ಟಿ ಇನ್ನೂ ದಪ್ಪವೇ ಎಂದು ಫೋನಿನಲ್ಲಿ ವಿಚಾರಣೆಯೂ ಬರುತ್ತದೆ.

ಈಗ ಇರುವೆಗಳನ್ನು ಝಾಡಿಸಿ, ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ದಸ್ತಗೀರನನ್ನು ಒಂದು ಮಾತು ಕೇಳಿದೆ. ಅಂಥದೇ ಇನ್ನೊಂದು ಡಬ್ಬಿಯ ಬೋರ್ಡು ಅವನ ಕೈಗೆ ಬಂದಿದೆಯಂತೆ, ಅದನ್ನು ಕೂರಿಸಿದರೆ ಇದು ಮತ್ತೆ ಏಳಬಹುದಂತೆ. “ಮೆಮೊರಿ ಸುಟ್ಟಿಲ್ಲಂದ್ರ ಅತ್ತಿ ಹೊಲ ಹಂಗ ಒಳಗ ಇರತೈತಿ” ಎಂದ. ನನಗೆ ತಡೆಯಲಾಗಲಿಲ್ಲ, ಅತ್ತೆಗೆ ಫೋನ್ ಮಾಡಿದೆ. ಆಕೆ ಮೊದಲು ತನ್ನ ಕತೆ ಹೇಳಿದಳು: ಮಾಮಾಗೆ ಸೊಂಟ ಹಿಡಿದು ಡಾಕ್ಟರು ಹೊಲಕ್ಕೆ ಹೋಗಬೇಡಿ ಎಂದಿದ್ದಾರೆ. ಮನೆಯಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದಾರೆ, ಈ ವರ್ಷ ಆ ಎರಡು ಎಕರೆಗೂ ಕಬ್ಬು ಹಚ್ಚೋಣ ಎಂದು ಜೀವ ತಿನ್ನುತ್ತಿದ್ದಾರೆ. ನಾನು ನನ್ನ ಸುದ್ದಿ ಹೇಳಿದೆ.

“ಇನ್ನೂ ತೆನಿ ಹಂಗ ನಿಂತಾವಾ?” ಎಂದಳು ಅತ್ತೆ. “ನನಗ ಬ್ಯಾಡೋ ತಮ್ಮಾ. ಇಲ್ಲಿ ಹಕ್ಕಿ ಕಾಯೂದ ಮುಗದಿಲ್ಲ. ರಿಪೇರಿ ಮಾಡಿಸಿ ನಿಮ್ಮ ಮಾಮಾಗ ತಂದ ಕೊಡು. ಅಲ್ಲೆ ಬೇಕಾದಷ್ಟ ಕಬ್ಬ ಹಚ್ಚಲಿ. ಇಲ್ಲೆ ನನ್ನ ಜೋಳಕ್ಕ ಕೈ ಹಚ್ಚೂದ ಬ್ಯಾಡ.”

ಹಿಂದಿನಿಂದ ಮಾಮಾನ ದನಿ ಕೇಳಿಸಿತು: “ಅಲ್ಲೆ ನೀರ ಎಷ್ಟೈತಂತ, ಕೇಳ.”

ನಾನು ಅವತ್ತು ಅಟ್ಟಕ್ಕೆ ಎಸೆದ ಮುಚ್ಚಳ ಹುಡುಕಲು ಮತ್ತೆ ಸ್ಟೂಲು ಹತ್ತಿದೆ.