ಐದು ಗೆರೆಗೆ ಸಿಗದ ಹಾಡು

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಂಗೀತ ಶಾಲೆ. ಅಲ್ಲಿಯ ಮೇಷ್ಟ್ರಿಗೆ ಬೀದಿಯವರು ಇಟ್ಟ ಹೆಸರು ಐದು ಗೆರೆ ಮೇಷ್ಟ್ರು. ಪಶ್ಚಿಮದವರು ಸಂಗೀತ ಬರೆಯುವುದು ಐದು ಗೆರೆಗಳ ಮೇಲೆ. ನಮ್ಮದು ಬಾಯಿಂದ ಕಿವಿಗೆ ಬಂದದ್ದು. ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತೇನೆಂದು ಮೇಷ್ಟ್ರು ಮೂವತ್ತು ವರ್ಷ ಹೆಣಗಿದರು. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಮಗು ತೂಗುವವರು ಹಾಡಿದ್ದನ್ನೆಲ್ಲ ಬರೆದುಕೊಂಡು ಪಿಯಾನೊಗೆ, ಪಿಟೀಲಿಗೆ ಹೊಸ ಕೃತಿ ಕಟ್ಟಿದರು. ಆ ಕಡೆಯವರು, "ಚೆನ್ನಾಗಿದೆ, ಆದರೆ ಇದೇನು?" ಅಂದರು. ಈ ಕಡೆಯವರು ಅಷ್ಟೂ ಕೇಳಲಿಲ್ಲ.

ಅರವತ್ತಕ್ಕೆ ಕಾಲಿಟ್ಟಾಗ, ತಮ್ಮನ್ನು ಸಾಕಿದ ಅಕ್ಕನ ಹಾಡನ್ನು ಏಳು ವಾದ್ಯಗಳಿಗೆ ಬರೆದರು. ಅಭ್ಯಾಸದ ದಿನ ಎಲ್ಲರೂ ಕಾಗದದಲ್ಲಿದ್ದಂತೆಯೇ ನುಡಿಸಿದರು. ಮುಗಿದ ಮೇಲೆ ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

"ಎಲ್ಲಿ ತಪ್ಪಾಯ್ತು ಮೇಷ್ಟ್ರೇ?" ಅಂದ, ನೆಲಕ್ಕೂರಿ ನುಡಿಸುವ ದೊಡ್ಡ ಪಿಟೀಲಿನ ಮುದುಕ.

"ತಪ್ಪೇನೂ ಇಲ್ಲ."

"ಹಂಗಾದ್ರೆ ಕಷ್ಟ. ತಪ್ಪಿದ್ರೆ ತಿದ್ದಬಹುದಿತ್ತು."

ಮೇಷ್ಟ್ರಿಗೆ ಚುಚ್ಚಿದಂತಾಯಿತು. ತಿದ್ದಿದ್ದೇ ಅವರ ಪಾಪವಾಗಿತ್ತು.

ಮೇಷ್ಟ್ರನ್ನು ಹೆತ್ತ ತಾಯಿ ಹೆರಿಗೆಯಲ್ಲೇ ಹೋದಾಗ ಅಕ್ಕನಿಗೆ ಹದಿಮೂರು. ಹೊಲಿಗೆ ಯಂತ್ರದ ಪಕ್ಕ ಬಟ್ಟೆ ಚೂರುಗಳ ರಾಶಿಯಲ್ಲಿ ತಮ್ಮನನ್ನು ಮಲಗಿಸಿ, ಪೆಡಲು ತುಳಿಯುತ್ತ ಹಾಡುತ್ತಿದ್ದಳು. ಮೂರನೇ ಸಾಲಿನಲ್ಲಿ ದನಿ ಎರಡು ಸ್ವರಗಳ ನಡುವೆ ಎಲ್ಲೋ ಹೋಗಿ ಸ್ವಲ್ಪ ಹೊತ್ತು ನಿಂತುಬಿಡುತ್ತಿತ್ತು. ಬಟ್ಟೆಯ ಮೂಲೆ ತಿರುಗಿಸಬೇಕಲ್ಲ, ಅಷ್ಟು ಹೊತ್ತು. ಆಮೇಲೆ ಯಂತ್ರವೂ ಹಾಡೂ ಒಟ್ಟಿಗೆ ಹೊರಡುತ್ತಿದ್ದವು.

ಇಪ್ಪತ್ತೆರಡು ವರ್ಷದ ಕೆಳಗೆ ಮೇಷ್ಟ್ರು ಅವಳನ್ನು ಶಾಲೆಗೆ ಕರೆತಂದು, ಮೈಕಿನ ಮುಂದೆ ಕೂರಿಸಿ, ಕ್ಯಾಸೆಟ್ಟಿಗೆ ಹಾಡಿಸಿದರು. ವಿದ್ಯೆ ತಲೆಗೇರಿತ್ತು. "ಅಕ್ಕ, ಇಲ್ಲಿ ಅರ್ಧ ಎಣಿಕೆ ಜಾಸ್ತಿಯಾಯ್ತು, ಇನ್ನೊಂದ್ಸಲ" ಎಂದು ವಿದ್ಯಾರ್ಥಿಗಳ ಎದುರಿಗೇ ಏಳು ಸಲ ಹಾಡಿಸಿದರು. ಏಳನೆಯದು ಸರಿ ಬಂತು. ಹಿಂದಿನ ಆರನ್ನೂ ತಮ್ಮ ಕೈಯಾರೆ ಅಳಿಸಿದರು. ಓದಿದವನು ಮಾಡುವಂಥ ದಡ್ಡ ಕೆಲಸ ಓದದವನಿಂದ ಎಲ್ಲಿ ಸಾಧ್ಯ!

ಅಕ್ಕ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಶರ್ಟಿನ ಗುಂಡಿ ಹಾಕಿಕೊಡುತ್ತಿದ್ದಳು. ಹಾಡು ಮಾತ್ರ ಮತ್ತೆ ಹಾಡಲಿಲ್ಲ. ಮುನಿಸು ಎಂದುಕೊಂಡು ಮೇಷ್ಟ್ರೂ ಕೇಳಲಿಲ್ಲ.

ಅಭ್ಯಾಸದ ಮರುದಿನ ಮಧ್ಯಾಹ್ನ ಅವಳ ಅಂಗಡಿಗೆ ಹೋದರು. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಅಕ್ಕ ಪರದೆಯೊಂದರ ಅಂಚು ಹೊಲಿಯುತ್ತಿದ್ದಳು.

"ಏನೋ ಮರಿ, ಈ ಹೊತ್ತಲ್ಲಿ? ಗುಂಡಿ ಕಿತ್ತೋಯ್ತಾ?"

"ಆ ಹಾಡು ಬೇಕಿತ್ತಕ್ಕ. ಒಂದೇ ಒಂದ್ಸಲ."

"ಬರ್ಕೊಂಡಿದ್ದೀಯಲ್ಲ. ಪುಸ್ತಕಾನೂ ಮಾಡ್ದೆ."

"ಅದರಲ್ಲಿ ನೀನಿಲ್ಲ."

ಅಕ್ಕ ಪೆಡಲು ನಿಲ್ಲಿಸಿದಳು. ಮೇಷ್ಟ್ರು ಕೈಕೈ ಹಿಸುಕಿಕೊಂಡರು. "ಅವತ್ತು ಎಲ್ಲರ ಎದುರಿಗೆ ನಿನ್ನ ತಿದ್ದಬಾರದಿತ್ತು. ತಪ್ಪಾಯ್ತು. ಬೇಕಾದ್ರೆ ಎರಡು ಬಿಡು ಕಪಾಳಕ್ಕೆ, ಆದ್ರೆ ಹಾಡು."

"ಈ ವಯಸ್ಸಲ್ಲಿ ಹೊಡೆದ್ರೆ ಇರೋ ನಾಲ್ಕು ಹಲ್ಲೂ ಉದುರ್ತವೆ" ಎಂದು ನಕ್ಕಳು. ನಗು ಬೇಗ ಇಳಿಯಿತು. "ಸಿಟ್ಟು ಬಂದಿತ್ತು ಕಣೋ, ಸುಳ್ಳು ಹೇಳಲ್ಲ. ಅದು ಇಳಿದೇ ಹತ್ತು ವರ್ಷ ಆಯ್ತು. ನೀನು ಕೇಳ್ತೀಯ ಅಂತ ಕಾದೆ. ಆಮೇಲೆ ಒಂದಿನ ನಾನೇ ಹಾಡ್ಕೊಳ್ಳೋಣ ಅಂತ ಬಾಯಿ ತೆಗೆದ್ರೆ ದನಿ ಏಳ್ಲೇ ಇಲ್ಲ. ಬರೀ ಗಾಳಿ."

ಹತ್ತು ವರ್ಷ. ಎರಡು ಬೀದಿ ದಾಟಿ ಬಂದಿದ್ದರೆ ಸಾಕಿತ್ತು. ಅಷ್ಟು ದಿನ ಊರೂರು ತಿರುಗಿ ಯಾರ್ಯಾರದೋ ಅಕ್ಕಂದಿರ ಹಾಡು ಬರೆದುಕೊಂಡ ಮೇಷ್ಟ್ರು ಪರದೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಅಳ್ಬೇಡ, ಪರದೆ ಒದ್ದೆಯಾದ್ರೆ ಗಿರಾಕಿಗೆ ಏನ್ ಹೇಳ್ಲಿ?" ಅಂದಳು ಅಕ್ಕ. "ನೀನು ಹಾಡು. ದನಿ ಹೋಗಿದೆ, ಕಿವಿ ಹೋಗಿಲ್ಲ."

ಮೇಷ್ಟ್ರು ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಹಾಡಿದರು. ಪಿಯಾನೊ ಮುಂದೆ ಕೂತು ಕೂತು ಅವರ ದನಿಗೆ ಮೆಟ್ಟಿಲು ಹತ್ತಿದಂತೆ ಸ್ವರದಿಂದ ಸ್ವರಕ್ಕೆ ಹಾರುವ ಚಟ ಅಂಟಿತ್ತು. ಮೂರನೇ ಸಾಲಿನಲ್ಲಿ ಅಕ್ಕ ಕೈಯೆತ್ತಿದಳು.

"ಎಲ್ಲಿಗೋ ಓಡ್ತೀಯ? ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ? ಅಲ್ಲಿ ನಿಲ್ಲು."

"ಎಷ್ಟು ಹೊತ್ತು?"

"ಎಣಿಸ್ಬೇಡ. ನನ್ನ ಕೈ ನೋಡು."

ಅಕ್ಕ ಮತ್ತೆ ಪೆಡಲು ತುಳಿದಳು. ಮೇಷ್ಟ್ರು ಮೊದಲಿನಿಂದ ಎತ್ತಿಕೊಂಡರು. ಮೂಲೆ ಬಂತು, ಯಂತ್ರ ನಿಂತಿತು. ಅವಳ ಸುಕ್ಕುಗಟ್ಟಿದ ಬೆರಳುಗಳು ಬಟ್ಟೆಯನ್ನು ಮೆಲ್ಲಗೆ ತಿರುಗಿಸುವವರೆಗೆ ಮೇಷ್ಟ್ರು ಆ ಸ್ವರವನ್ನು ಹಿಡಿದು ಕಾದರು. ಉಸಿರು ಸಾಲದೆ ಸ್ವರ ನಡುಗಿತು. ಹಾಡು ಸರಿಯಾಗಿಯೇ ಬಂತು. ಅವರು ಕೇಳಬೇಕೆಂದಿದ್ದ ದನಿ ಮಾತ್ರ ಎದುರಿಗೇ ಕೂತು, ಶಬ್ದವಿಲ್ಲದೆ, ತುಟಿ ಆಡಿಸುತ್ತಿತ್ತು.